ತುಕ್ಕು ಹಿಡಿದ ಹಳೇ ಜೀಪು ಮನೆ ಅಂಗಳಕ್ಕೆ ಬಂದರೆ ಏನು ಮಾಡಬೇಕು?

ಉಡುಪಿ ಜಿಲ್ಲೆಯ ಹೆಬ್ರಿಯಲ್ಲಿ ನನ್ನ ಸೋದರಮಾವನ ಅಡಿಕೆ ತೋಟ ಉಂಟು. ಅಲ್ಲಿ ಕೊಟ್ಟಿಗೆಯ ಪಕ್ಕ ಒಂದು ಮಹೀಂದ್ರಾ ಎಂಎಂ 540 ಜೀಪು ಒಂಬತ್ತು ವರ್ಷ ನಿಂತಿತ್ತು. 1988ರ ಗಾಡಿ. ಅಡಿಕೆ ಮೂಟೆ, ಗೊಬ್ಬರ, ಮದುವೆಯ ಪಾತ್ರೆ, ಮಳೆಗಾಲದ ರಾತ್ರಿ ಆಸ್ಪತ್ರೆಗೆ ಹೊರಟ ನೆರೆಮನೆಯವರು, ಹೀಗೆ ಎಲ್ಲವನ್ನೂ ಎಲ್ಲರನ್ನೂ ಹೊತ್ತ ಗಾಡಿ ಅದು. ಮಾವ "ಗುಜರಿಗೆ ಕೊಡುವುದಾ ಅಂತ" ಎಂದು ಕೇಳಿದ ದಿನವೇ ಅದನ್ನು ಲಾರಿಗೆ ಹತ್ತಿಸಿ ಉದ್ಯಾವರದ ನಮ್ಮ ಮನೆಗೆ ತಂದೆ. ಹದಿನಾಲ್ಕು ತಿಂಗಳು ಹಿಡಿಯಿತು. ಈಗ ಓಡುತ್ತಿದೆ.

ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ತುಕ್ಕು ಇದ್ದಲ್ಲೆಲ್ಲ ಎಲ್ಲೋ ಒಂದು ಕಡೆ ನೀರು ನಿಂತಿರುತ್ತದೆ. ಆ ನೀರು ಎಲ್ಲಿಂದ ಬಂತು, ಯಾಕೆ ಹೊರಗೆ ಹೋಗಲಿಲ್ಲ ಎಂದು ಗೊತ್ತಾಗುವವರೆಗೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಒಳನಾಡಿನಲ್ಲಿ ಒಂದು ಕೋಟ್ ಬಣ್ಣ ಹೊಡೆದು ಐದು ವರ್ಷ ಕಳೆಯಬಹುದು. ಇಲ್ಲಿ ಎರಡು ಮಳೆಗಾಲ ಕೂಡ ತಡೆಯುವುದಿಲ್ಲ.

ಮೊದಲು ಕಾಗದ, ಆಮೇಲೆ ಪಾನಾ

ಗಾಡಿ ಮನೆಗೆ ತರುವ ಮೊದಲೇ ಆರ್‌ಸಿ, ಅಂದರೆ ನೋಂದಣಿ ಪತ್ರ, ನೋಡಿ. ಆರ್‌ಸಿಯಲ್ಲಿರುವ ಚಾಸಿ (ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು) ನಂಬರು, ಎಂಜಿನ್ ನಂಬರು ಗಾಡಿಯ ಮೇಲಿರುವ ನಂಬರಿಗೆ ಸರಿಹೊಂದಬೇಕು. ಹಳೇ ಜೀಪುಗಳಲ್ಲಿ ಎಂಜಿನ್ ಬದಲಾಗಿರುವುದು ತುಂಬಾ ಸಾಮಾನ್ಯ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿರುತ್ತಾರೆ, ಆರ್‌ಸಿಯಲ್ಲಿ ಮಾತ್ರ ಇನ್ನೂ ಪೆಟ್ರೋಲ್ ಅಂತಲೇ ಇರುತ್ತದೆ. ಇಂಥ ಗಾಡಿಗೆ ವರ್ಷಗಟ್ಟಲೆ ದುಡಿದ ಮೇಲೆ ಆರ್‌ಟಿಒದಲ್ಲಿ ಸಿಕ್ಕಿಬೀಳುವ ಬದಲು ಮೊದಲೇ ವಿಚಾರಿಸಿ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25ರಲ್ಲಿ ಅರ್ಜಿ ಹಾಕಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಳೇ ಗಾಡಿಗಳ ಶುಲ್ಕ ಈಚೆಗೆ ಜಾಸ್ತಿಯಾಗಿದೆ. ಹಾಗಾಗಿ ಅದನ್ನೂ ಲೆಕ್ಕಕ್ಕೆ ಸೇರಿಸಿ. ನಿಮ್ಮದು ನೋಂದಣಿಯಾಗಿ 50 ವರ್ಷ ದಾಟಿದ ಜೀಪಾದರೆ ಬೇರೆ ದಾರಿ ಉಂಟು. 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ ಅದಕ್ಕೆ 'ವಿಎ' ಅಕ್ಷರ ಇರುವ ನಂಬರು ಸಿಗುತ್ತದೆ. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಕತ್ತರಿಸಿ ಉದ್ದ ಮಾಡಿದ, ಅಗಲ ಮಾಡಿದ ಜೀಪಿಗೆ ಅಲ್ಲಿ ಜಾಗ ಇಲ್ಲ. ಹಾಗೆ ನೋಡಿದರೆ ಸಾಮಾನ್ಯ ನೋಂದಣಿಯಲ್ಲೂ ಆರ್‌ಸಿಯಲ್ಲಿ ಇರುವುದಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಬಣ್ಣ ಬದಲಾಯಿಸಿದರೂ ಆರ್‌ಸಿಯಲ್ಲಿ ಬರೆಸಬೇಕು.

ಚಾಸಿ ನಂಬರಿನ ಬಗ್ಗೆ ಇನ್ನೊಂದು ಮಾತು. ಅದು ಚಾಸಿಯ ಕಬ್ಬಿಣದ ಮೇಲೆಯೇ ಕೊರೆದ ಅಕ್ಷರ. ಒಂಬತ್ತು ವರ್ಷದ ಕೆಸರು, ಗ್ರೀಸು, ತುಕ್ಕಿನ ಅಡಿಯಲ್ಲಿ ಅದು ಕಾಣುವುದೇ ಇಲ್ಲ. ಗ್ರೈಂಡರ್ ಹಿಡಿದು ಅಲ್ಲಿಗೆ ಹೋದಿರೋ, ಅಕ್ಷರವೂ ಹೋಯಿತು, ಗಾಡಿಯ ಗುರುತೂ ಹೋಯಿತು. ನಾನು ಆ ಒಂದು ಗೇಣು ಜಾಗವನ್ನು ಡೀಸೆಲ್‌ನಲ್ಲಿ ನೆನೆಸಿ, ಹಿತ್ತಾಳೆ ಬ್ರಷ್‌ನಲ್ಲಿ ಎರಡು ಸಂಜೆ ಉಜ್ಜಿದೆ. ಅಕ್ಷರ ಒಂದೊಂದಾಗಿ ಎದ್ದು ಬಂತು. ಕೂಡಲೇ ಮೇಲೆ ಕಾಗದ ಇಟ್ಟು ಪೆನ್ಸಿಲ್‌ನಿಂದ ಅಚ್ಚು ತೆಗೆದುಕೊಂಡು, ಫೋಟೋ ಹೊಡೆದು, ಗ್ರೀಸ್ ಸವರಿ, ಟೇಪ್ ಸುತ್ತಿಬಿಟ್ಟೆ. ಉಳಿದ ಕೆಲಸ ಎಲ್ಲ ಮುಗಿಯುವವರೆಗೆ ಆ ಟೇಪ್ ಬಿಚ್ಚಲಿಲ್ಲ.

ತುಕ್ಕು ಎಲ್ಲಿ ಅಡಗಿದೆ

ಬೇಕಾದ್ದು ಮೂರೇ ಸಾಮಾನು. ಸಣ್ಣ ಸುತ್ತಿಗೆ, ಹಳೇ ಸ್ಕ್ರೂ ಡ್ರೈವರ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತಿಂದು ಹೋದದ್ದು ಟಪ್ ಅನ್ನುತ್ತದೆ. ಒಂದು ಗಂಟೆಯಲ್ಲಿ ಕಿವಿಗೆ ಅಭ್ಯಾಸವಾಗುತ್ತದೆ. ಟಪ್ ಅಂದಲ್ಲಿ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ಒಳಗೆ ಹೋದರೆ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿ. ಅಯಸ್ಕಾಂತ ಅಂಟದೆ ಜಾರಿದರೆ ಬಣ್ಣದ ಹಿಂದೆ ಪುಟ್ಟಿ ಇದೆ ಅಂತ ಲೆಕ್ಕ.

ನಮ್ಮ ಜೀಪಿನಲ್ಲಿ ಡ್ರೈವರ್ ಕಡೆಯ ಹಿಂದಿನ ಮಡ್‌ಗಾರ್ಡ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಅಯಸ್ಕಾಂತ ಜಾರಿತು. ಉಳಿಯ ತುದಿಯಿಂದ ಮೀಟಿದಾಗ ಅಂಗೈ ಅಗಲದ ಪುಟ್ಟಿಯ ಹಾಳೆ ಒಂದೇ ಸಲಕ್ಕೆ ಎದ್ದು ಬಂತು, ಹೆಬ್ಬೆರಳಿನಷ್ಟು ದಪ್ಪ. ಅದರ ಹಿಂದೆ ತಗಡೇ ಇರಲಿಲ್ಲ. ತೂತಿಗೆ ಜಾಲರಿ ಇಟ್ಟು ಮೇಲೆ ಪುಟ್ಟಿ ಮೆತ್ತಿದ್ದರು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಮಾಡಿದ ಕೆಲಸ, ಮಾವ ಅದಕ್ಕೆ ಒಳ್ಳೆಯ ದುಡ್ಡು ಕೊಟ್ಟಿದ್ದರು. ನನಗೆ ತುಂಬಾ ಬೇಜಾರಾಯಿತು. ದುಡ್ಡಿಗಿಂತ ಜಾಸ್ತಿ, ಆ ಪುಟ್ಟಿ ಹಿಡಿದಿಟ್ಟ ನೀರು ಪಕ್ಕದ ಒಳ್ಳೆಯ ತಗಡನ್ನೂ ತಿಂದುಹಾಕಿತ್ತಲ್ಲ, ಅದಕ್ಕೆ.

ನೋಡಲೇಬೇಕಾದ ಜಾಗಗಳು ಹೀಗಿವೆ. ಫ್ಲೋರಿನ ಅಡಿಯಲ್ಲಿ ಬೆಸೆದ ಯು ಆಕಾರದ ಪಟ್ಟಿಗಳು. ಬಾಡಿ ಚಾಸಿಯ ಮೇಲೆ ಕೂರುವ ರಬ್ಬರ್ ಪ್ಯಾಡ್‌ಗಳ ಸುತ್ತ. ಗಾಜಿನ ಚೌಕಟ್ಟಿನ ಕೆಳ ಅಂಚು. ಸೀಟಿನ ಅಡಿಯ ಟೂಲ್ ಬಾಕ್ಸ್. ಮಡ್‌ಗಾರ್ಡ್ ಮತ್ತು ಬಾಡಿ ಸೇರುವ ಸಂದು. ಚಾಸಿಯಲ್ಲಿ ಲೀಫ್ ಪ್ಲೇಟ್‌ನ ಹ್ಯಾಂಗರ್ (ಸ್ಪ್ರಿಂಗ್ ಪಟ್ಟಿ ಚಾಸಿಗೆ ಸೇರುವ ಕೊಂಡಿ) ಇರುವಲ್ಲಿ ಮತ್ತು ಸ್ಟಿಯರಿಂಗ್ ಬಾಕ್ಸ್ ಕೂತಲ್ಲಿ ತುಕ್ಕಿನ ಜೊತೆಗೆ ಬಿರುಕನ್ನೂ ಹುಡುಕಿ. ಅಲ್ಲಿ ಬಿರುಕು ಇದ್ದರೆ ಅದು ಮನೆಯ ಕೆಲಸ ಅಲ್ಲ. ಚಾಸಿ ವೆಲ್ಡಿಂಗ್‌ನಲ್ಲಿ ಕೈ ಪಳಗಿದವರೇ ಬೇಕು.

ಗಾಡಿ ಎಲ್ಲಿ ಬಾಳಿತು ಎನ್ನುವುದೂ ಮುಖ್ಯ. ಘಟ್ಟದ ಬುಡದ ಹೆಬ್ರಿ, ಕಾರ್ಕಳ ಕಡೆಯ ಗಾಡಿ ಕೆಸರು ಮೆತ್ತಿಕೊಂಡಲ್ಲಿ ಕೊಳೆಯುತ್ತದೆ. ಕೆಂಪು ಮಣ್ಣು ಚಾಸಿಯ ಮೂಲೆಯಲ್ಲಿ ಕೂತು ಒದ್ದೆ ಸ್ಪಂಜಿನ ಹಾಗೆ ತಿಂಗಳುಗಟ್ಟಲೆ ನೀರು ಹಿಡಿದಿಟ್ಟಿರುತ್ತದೆ. ಕಡಲ ಬದಿಯ ಮಲ್ಪೆ, ಕಾಪು, ಪಣಂಬೂರು ಕಡೆಯ ಗಾಡಿಯ ಕತೆ ಬೇರೆ. ಅಲ್ಲಿ ಉಪ್ಪುಗಾಳಿ ಎಲ್ಲ ಕಡೆಗೂ ತಲುಪುತ್ತದೆ. ತುಕ್ಕು ಚಿಕ್ಕ ಚಿಕ್ಕ ಗುಳಿಯಾಗಿ ಒಳಕ್ಕೆ ಇಳಿಯುತ್ತದೆ. ಮೇಲಿನಿಂದ ಸ್ವಲ್ಪವೇ ಕಂಡರೂ ಗುಣ ಮಾಡುವುದು ಕಷ್ಟ.

ಯಾವ ತಿಂಗಳಲ್ಲಿ ಯಾವ ಕೆಲಸ

ಪರ ಊರಿನವರು ಬರೆದ ಕ್ರಮ ಇಲ್ಲಿಗೆ ಆಗುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬ್ಬಿಣದ ಬಣ್ಣ ಕೆರೆದು ಬಿಟ್ಟರೆ ಊಟ ಮಾಡಿ ಬರುವಷ್ಟರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಮೊದಲ ವರ್ಷ ನಾನು ಜುಲೈಯಲ್ಲಿ ಬಾನೆಟ್ ಕೆರೆದು ಪ್ರೈಮರ್ ಹೊಡೆದೆ. ಕೈಗೆ ಒಣಗಿದ ಹಾಗೇ ಇತ್ತು. ದೀಪಾವಳಿಯ ಹೊತ್ತಿಗೆ ಸಾಸಿವೆ ಕಾಳಿನ ಹಾಗೆ ಗುಳ್ಳೆ ಎದ್ದಿತು. ಪೂರ್ತಿ ಕೆರೆದು ಮತ್ತೆ ಮಾಡಬೇಕಾಯಿತು.

ಹಾಗಾಗಿ ಮಳೆಗಾಲ ಬಿಚ್ಚುವುದಕ್ಕೆ. ಸೂರಿನ ಅಡಿಯಲ್ಲಿ ಕೂತು ಬಿಚ್ಚಿ, ತೊಳೆಯಿರಿ, ಪಟ್ಟಿ ಮಾಡಿ, ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಕೆಲಸ ಮಾಡಿ. ಹಳೆಯ ಬಣ್ಣ ಎಷ್ಟೇ ಕೆಟ್ಟದಾಗಿ ಕಂಡರೂ ಆಗ ಕೆರೆಯಬೇಡಿ. ನವರಾತ್ರಿ ಕಳೆದ ಮೇಲೆ ತಗಡು ಮತ್ತು ವೆಲ್ಡಿಂಗ್. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪ್ರೈಮರ್, ಬಣ್ಣ. ಮಾರ್ಚ್ ನಂತರ ಸೆಕೆ, ಬೆವರು, ತೇವ ಎಲ್ಲ ಮತ್ತೆ ಏರುತ್ತದೆ. ಒಂದು ಸೀಸನ್ ತಪ್ಪಿದರೆ ಕಾಯಿರಿ. ಅವಸರ ಮಾಡಿದರೆ ಎರಡು ಸಲ ಮಾಡಬೇಕು.

ಜಾಗ ಮತ್ತು ಜಾಗ್ರತೆ

ಸಿಮೆಂಟಿನ ನೆಲ, ಮೇಲೆ ತಗಡಿನ ಶೀಟು, ಮೂರು ಕಡೆ ಗಾಳಿ. ಇಷ್ಟು ಸಾಕು. ಜಾಕಿಯಲ್ಲಿ ಎತ್ತಿದ ಗಾಡಿಯ ಅಡಿಗೆ ಸರಿಯಾದ ಕಬ್ಬಿಣದ ಸ್ಟ್ಯಾಂಡ್ ಇಡಿ. ನಮ್ಮ ಊರಲ್ಲಿ ಎಲ್ಲರ ಮನೆ ಮೂಲೆಯಲ್ಲೂ ನಾಲ್ಕು ಕೆಂಪು ಕಲ್ಲು ಬಿದ್ದಿರುತ್ತದೆ ಅಲ್ವಾ, ಅದನ್ನೇ ಜೋಡಿಸಿ ಗಾಡಿ ನಿಲ್ಲಿಸುವ ಅಭ್ಯಾಸ ಉಂಟು. ದಯವಿಟ್ಟು ಬೇಡ. ಮುರಕಲ್ಲು ಗೋಡೆಯ ಭಾರ ಹೊರುತ್ತದೆ, ಒಂದೇ ಬಿಂದುವಿಗೆ ಬಿದ್ದ ಭಾರ ತಡೆಯುವುದಿಲ್ಲ, ಮುನ್ಸೂಚನೆ ಇಲ್ಲದೆ ಸೀಳುತ್ತದೆ. ಅಡಿಯಲ್ಲಿ ಮಲಗಿರುವವರು ನೀವು.

ಗ್ರೈಂಡರ್‌ಗೆ ಕನ್ನಡಕ, ಕೈಗವಸು, ಮಾಸ್ಕ್ ಕಡ್ಡಾಯ. ಹಳೇ ಬ್ರೇಕ್ ಡ್ರಮ್ಮಿನ ಧೂಳನ್ನು ಊದಬೇಡಿ, ಕಂಪ್ರೆಸರ್ ಗಾಳಿ ಹಿಡಿಯಬೇಡಿ. ಹಿಂದಿನ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ನೀರು ಹಾಕಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಕಟ್ಟಿ ಎಸೆಯಿರಿ.

ತೊಳೆಯುವುದು, ಬಿಚ್ಚುವುದು

ಮೊದಲು ಕೆಸರನ್ನು ಕೋಲಿನಿಂದ ಕೆದಕಿ. ಗ್ರೀಸು ಇರುವಲ್ಲಿ ಡೀಸೆಲ್ ಹಚ್ಚಿ ಬ್ರಷ್ ಮಾಡಿ, ಸೋಪು ನೀರು, ಆಮೇಲೆ ಸಿಹಿನೀರು. ಹೊಳೆ ಬದಿಯ ಮನೆಯವರು ಇಲ್ಲಿ ಸ್ವಲ್ಪ ಗಮನಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಾವಿ ನೀರು ಉಪ್ಪಾಗುತ್ತದೆ. ಅದರಲ್ಲಿ ತೊಳೆದರೆ ತೊಳೆಯದಿದ್ದದ್ದೇ ಒಳ್ಳೆಯದು. ಮಳೆ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಮೇಲೆ ಫೋಟೋ. ಪ್ರತಿ ಜಾಗದ ಬೋಲ್ಟು, ವಾಷರು ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ. ಒಳಗೆ ಒಂದು ಚೀಟಿ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಎಣ್ಣೆ ತಾಗಿ ಅಳಿಸುತ್ತದೆ. ತುಕ್ಕು ಹಿಡಿದ ಹಳೇ ತುಂಡನ್ನೂ ಕೆಲಸ ಮುಗಿಯುವವರೆಗೆ ಗುಜರಿಗೆ ಹಾಕಬೇಡಿ. ಹೊಸದನ್ನು ಮಾಡಿಸುವಾಗ ಲೇತ್‌ನವರಿಗೆ ಅಳತೆ ತೋರಿಸಲು ಅದೇ ಬೇಕು.

ಹಿಡಿದ ಬೋಲ್ಟಿಗೆ ಬಲ ಪ್ರಯೋಗ ಬೇಡ. ಗೇರ್ ಎಣ್ಣೆಯ ಬದಲು ಆಟೋಮ್ಯಾಟಿಕ್ ಗಾಡಿಗೆ ಹಾಕುವ ತೆಳು ಎಣ್ಣೆ ಬರುತ್ತದೆ, ಅದನ್ನು ಅಸಿಟೋನ್ ಜೊತೆ ಅರ್ಧಕ್ಕರ್ಧ ಬೆರೆಸಿ, ಮೂರು ದಿನ ಬೆಳಿಗ್ಗೆ ಸಂಜೆ ಬಿಡಿ. ಜೊತೆಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು. ಆಗಲೂ ಬರದಿದ್ದರೆ ನಟ್ಟನ್ನು ಮಾತ್ರ ಗ್ಯಾಸ್ ಟಾರ್ಚಿನ ಬೆಂಕಿಯಲ್ಲಿ ಕಾಯಿಸಿ. ಕಾದ ನಟ್ಟು ಹಿಗ್ಗುತ್ತದೆ. ಎಣ್ಣೆ, ಅಸಿಟೋನ್ ಎರಡೂ ಬೆಂಕಿ ಹಿಡಿಯುವ ವಸ್ತುಗಳು, ಹಾಗಾಗಿ ಕಾಯಿಸುವ ಮೊದಲು ಚೆನ್ನಾಗಿ ಒರೆಸಿ, ಡಬ್ಬಿ ದೂರ ಇಡಿ. ತಿರುಗಿಸುವಾಗ ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಬಿಗಿ, ಮತ್ತೆ ಬಿಚ್ಚಿ.

ಚಕ್ರದ ನಟ್ಟು ಬಿಚ್ಚುವ ಮೊದಲು ಸ್ಟಡ್ಡಿನ (ನಟ್ಟು ಕೂರುವ ಬೋಲ್ಟಿನ) ತುದಿ ಒರೆಸಿ ನೋಡಿ. ಎಷ್ಟೋ ಹಳೇ ಜೀಪುಗಳಲ್ಲಿ ಎಡಗಡೆಯ ಚಕ್ರಕ್ಕೆ ಉಲ್ಟಾ ಥ್ರೆಡ್ ಇರುತ್ತದೆ, ತುದಿಯಲ್ಲಿ ಇಂಗ್ಲಿಷಿನ 'ಎಲ್' ಅಕ್ಷರ ಕೊರೆದಿರುತ್ತಾರೆ. ಇದು ಗೊತ್ತಿಲ್ಲದೆ ಬಲ ಹಾಕಿದರೆ ನೀವು ಬಿಚ್ಚುತ್ತಿಲ್ಲ, ಇನ್ನೂ ಬಿಗಿ ಮಾಡುತ್ತಿದ್ದೀರಿ. ಕೊನೆಗೆ ಸ್ಟಡ್ಡೇ ಮುರಿಯುತ್ತದೆ.

ತುಕ್ಕು ತೆಗೆಯುವುದು

ಸಣ್ಣ ಸಾಮಾನಿಗೆ, ಅಂದರೆ ಬ್ರಾಕೆಟ್, ಹಿಂಜ್, ಬಾನೆಟ್ ಕೊಂಡಿ, ಇಂಥದಕ್ಕೆಲ್ಲ ನನಗೆ ತುಂಬಾ ಇಷ್ಟವಾದ ದಾರಿ ಕರೆಂಟಿನದು. ಇಪ್ಪತ್ತು ಲೀಟರ್ ಪ್ಲಾಸ್ಟಿಕ್ ಬಕೆಟ್ ತುಂಬಾ ನೀರು, ಐದು ಚಮಚ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಬಟ್ಟೆ ಒಗೆಯುವ ಸೋಡಾ. ಬಕೆಟಿನ ಬದಿಗೆ ಒಂದೆರಡು ಕಬ್ಬಿಣದ ಸರಳು ಇಳಿಬಿಟ್ಟು 12 ವೋಲ್ಟ್ ಬ್ಯಾಟರಿ ಚಾರ್ಜರಿನ ಕೆಂಪು ವಯರ್ ಅದಕ್ಕೆ ಕೊಡಿ. ತುಕ್ಕಿನ ಸಾಮಾನನ್ನು ನಡುವೆ ತೂಗುಹಾಕಿ ಕಪ್ಪು ವಯರ್ ಕೊಡಿ. ಎರಡೂ ಒಂದಕ್ಕೊಂದು ತಾಗಬಾರದು. ವಯರ್ ಉಲ್ಟಾ ಆದರೆ ನಿಮ್ಮ ಸಾಮಾನೇ ಕರಗುತ್ತದೆ. ಸ್ವಿಚ್ ಹಾಕಿದ ಕೂಡಲೇ ಸಾಮಾನಿನ ಸುತ್ತ ಸಣ್ಣ ಗುಳ್ಳೆ ಏಳುತ್ತದೆ, ಸೋಡಾ ಬಾಟಲಿ ತೆರೆದ ಹಾಗೆ. ಬೆಳಿಗ್ಗೆ ಇಟ್ಟರೆ ಸಂಜೆಗೆ ನೀರಿನ ಮೇಲೆ ಕಂದು ನೊರೆ, ಒಳಗೆ ಸಾಮಾನು ಕಪ್ಪು. ಬ್ರಷ್ ಆಡಿಸಿದರೆ ಕಪ್ಪು ಹೋಗಿ ಬೂದು ಬಣ್ಣದ ಕಬ್ಬಿಣ ಕಾಣುತ್ತದೆ. ಒಳ್ಳೆಯ ಕಬ್ಬಿಣ ಒಂದು ಚೂರೂ ಸವೆಯುವುದಿಲ್ಲ. ಆ ಬಾನೆಟ್ ಕೊಂಡಿಯ ಮೇಲೆ ಮೂವತ್ತು ವರ್ಷ ಯಾರೂ ಕಾಣದ ಎರಕದ ಗುರುತು ಕಂಡಾಗ ಆದ ಖುಷಿ ನನಗೆ ಈಗಲೂ ನೆನಪಿದೆ.

ಎಚ್ಚರಿಕೆ ಕೂಡ ಅಷ್ಟೇ ಮುಖ್ಯ. ಆ ಗುಳ್ಳೆ ಹೈಡ್ರೋಜನ್. ಬಯಲಲ್ಲೇ ಮಾಡಿ, ಹತ್ತಿರ ಬೀಡಿ, ಬೆಂಕಿ ಬೇಡ. ಸರಳಿನ ಬದಲು ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಹಾಕಲೇಬೇಡಿ, ಸ್ಟೇನ್‌ಲೆಸ್ ಸ್ಟೀಲಿನ ಕ್ರೋಮಿಯಂ ನೀರಿಗೆ ಬಿಟ್ಟುಕೊಂಡು ವಿಷವಾಗುತ್ತದೆ. ಅಲ್ಯೂಮಿನಿಯಂ ಸಾಮಾನು ಹಾಕಿದರೆ ಸೋಡಾ ಅದನ್ನು ತಿನ್ನುತ್ತದೆ. ಸ್ಪ್ರಿಂಗ್ ಮತ್ತು ಗಟ್ಟಿ ಹದದ ಬೋಲ್ಟ್ ಕೂಡ ಬೇಡ, ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತವೆ.

ಹಿತ್ತಾಳೆ ಸಾಮಾನಿಗೆ ನಮ್ಮ ಅಮ್ಮ ಹೇಳಿದ್ದೇ ಸಾಕಾಯಿತು. ಹಿತ್ತಿಲ ಬಿಂಬುಳಿ ಎಂಬ ಹುಳಿ ಕಾಯಿ ಜಜ್ಜಿ ಉಪ್ಪು ಸೇರಿಸಿ ಉಜ್ಜಿದರೆ ದೇವರ ದೀಪ ಹೊಳೆಯುವ ಹಾಗೇ ಹೊಳೆಯಿತು. ಕಬ್ಬಿಣಕ್ಕೆ ಮಾತ್ರ ಉಪ್ಪು ತಾಗಿಸಬೇಡಿ.

ದೊಡ್ಡ ತಗಡಿಗೆ ಗ್ರೈಂಡರಿನಲ್ಲಿ ವಯರ್ ಕಪ್ ಬ್ರಷ್. ಗುಳಿಯ ಒಳಗೆ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್, ಅಂದರೆ ತುಕ್ಕಿನ ಮೇಲೆ ಹಚ್ಚುವ ದ್ರಾವಣ. ಟಾಯ್ಲೆಟ್ ತೊಳೆಯುವ ಆಸಿಡ್ ಅಗ್ಗ ಅಂತ ಕೆಲವರು ಹಾಕುತ್ತಾರೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕು ಕ್ಷಣದಲ್ಲಿ ಹೋಗುತ್ತದೆ ನಿಜ, ಆದರೆ ಸಂದಿಯಲ್ಲಿ ಉಳಿದ ಕ್ಲೋರೈಡ್ ಸಮುದ್ರದ ಉಪ್ಪಿನ ಕೆಲಸವನ್ನೇ ಮಾಡುತ್ತದೆ.

ಚಾಸಿ ಬಿಡಿಯಾಗಿ ಸಿಕ್ಕಿದ್ದರೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸುವುದು ಒಳ್ಳೆಯದು, ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ. ತೆಳು ತಗಡಿಗೆ ಜೋರು ಬ್ಲಾಸ್ಟಿಂಗ್ ಬೇಡ, ಸೊಟ್ಟಗಾಗುತ್ತದೆ. ಮನೆಯಲ್ಲೇ ಕಂಪ್ರೆಸರ್ ಇಟ್ಟು ಕಡಲತೀರದ ಮರಳು ಬಳಸುವ ಯೋಚನೆ ಬಂದರೆ ಅಲ್ಲಿಗೇ ಬಿಡಿ. ಅದರಲ್ಲಿ ಉಪ್ಪು ಇದೆ. ಮರಳಿನ ಸಣ್ಣ ಧೂಳು ಶ್ವಾಸಕೋಶವನ್ನೂ ಹಾಳು ಮಾಡುತ್ತದೆ.

ಉಪ್ಪು ಹೋಯಿತಾ ಇಲ್ಲವಾ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಉಂಟು. ಕೆರೆದ ತಗಡನ್ನು ಸಿಹಿನೀರಲ್ಲಿ ತೊಳೆದು, ಒರೆಸಿ, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಇಡೀ ತಗಡಿಗೆ ತೆಳ್ಳಗೆ ಕಿತ್ತಳೆ ಬಣ್ಣ ಬಂದಿದ್ದರೆ ಚಿಂತೆ ಇಲ್ಲ, ಅದು ಗಾಳಿಯ ತೇವ. ಆದರೆ ಅಲ್ಲಲ್ಲಿ ಗಾಢ ಬಣ್ಣದ ಚುಕ್ಕಿ ಎದ್ದಿದ್ದರೆ ಗುಳಿಯಲ್ಲಿ ಇನ್ನೂ ಉಪ್ಪು ಇದೆ. ಮತ್ತೆ ಬ್ರಷ್, ಮತ್ತೆ ನೀರು. ನಮ್ಮ ಹಿಂದಿನ ಫ್ಲೋರಿಗೆ ನಾಲ್ಕು ಸಲ ಮಾಡಬೇಕಾಯಿತು.

ತಗಡಿನ ಕೆಲಸ

ತೂತಿನ ಅಂಚಿಗೇ ತೇಪೆ ಹಾಕಬೇಡಿ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ. ಕೈಯಗಲದ ತೂತು ಮೊರದಗಲ ಆದರೂ ಹೆದರಬೇಡಿ. ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದೇ ಅಳತೆಗೆ 18 ಗೇಜ್ ತಗಡು ಕತ್ತರಿಸಿ ಕೂರಿಸಿ. ಹಳೆಯದರ ಮೇಲೆ ಹೊಸ ತಗಡು ಹೊದಿಸಿದರೆ ನಡುವಿನ ಸಂದಿನಲ್ಲಿ ನೀರು ಕೂರುತ್ತದೆ. ಅಂಚಿಗೆ ಅಂಚು ತಾಗಿಸಿ ಬೆಸೆಯುವುದೇ ಸರಿ. ಹೊದಿಸಲೇಬೇಕಾದರೆ ಸಂದಿಗೆ ಸೀಲಂಟ್ ತುಂಬಿಸಿ.

ನಾನು ವೆಲ್ಡಿಂಗ್ ಕಲಿತವನಲ್ಲ, ಕಟಪಾಡಿಯಿಂದ ಒಬ್ಬರು ಅವರ ಮಿಗ್ ವೆಲ್ಡಿಂಗ್ ಮೆಷಿನ್ ತಂದು ಮಾಡಿಕೊಟ್ಟರು. ನಾನು ಫ್ಲೋರಿನ ಅಡಿಯ ಯು ಪಟ್ಟಿಗಳನ್ನೂ ಪೂರ್ತಿ ಮುಚ್ಚಿ ಬೆಸೆಯಲು ಹೇಳಿದೆ. ಅವರು ವೆಲ್ಡಿಂಗ್ ಟಾರ್ಚ್ ಕೆಳಗಿಟ್ಟು, "ಎಲ್ಲ ಮುಚ್ಚಿದ್ರೆ ನೀರು ಬರುವುದು ನಿಲ್ಲುದಿಲ್ಲ ಮಾರಾಯ್ರೆ, ಹೋಗುವುದು ಮಾತ್ರ ನಿಲ್ತದೆ" ಎಂದರು. ಪ್ರತಿ ಪಟ್ಟಿಯ ತಗ್ಗಿನ ತುದಿಗೆ ಎಂಟು ಮಿಲಿಮೀಟರಿನ ತೂತು ಕೊರೆಸಿದರು. ನಾನು ಅಲ್ಲಿಯವರೆಗೆ ಓದಿದ್ದೆಲ್ಲಕ್ಕಿಂತ ಆ ಮಾತು ಜಾಸ್ತಿ ಉಪಯೋಗಕ್ಕೆ ಬಂತು.

ತೆಳು ತಗಡಿಗೆ ಉದ್ದಕ್ಕೆ ಗೆರೆ ಎಳೆದ ಹಾಗೆ ವೆಲ್ಡ್ ಮಾಡಿದರೆ ಕಾದು ಸೊಟ್ಟಗಾಗುತ್ತದೆ. ಇಲ್ಲೊಂದು ಟ್ಯಾಕ್ (ಚುಕ್ಕಿಯಷ್ಟು ಬೆಸುಗೆ), ಅಲ್ಲೊಂದು ಟ್ಯಾಕ್, ನಡುವೆ ತಣಿಯಲು ಬಿಡಿ. ಬ್ಯಾಟರಿ ವಯರ್ ತೆಗೆದಿಡಿ. ಡೀಸೆಲ್ ಟ್ಯಾಂಕ್ ಗಾಡಿಯಿಂದಲೇ ಇಳಿಸಿ ದೂರ ಇಡಿ. ಸಿಜೆ 3ಬಿ ಎಂಬ ಹಳೇ ಮಾದರಿಯ ಜೀಪುಗಳಲ್ಲಿ ಟ್ಯಾಂಕ್ ಡ್ರೈವರ್ ಸೀಟಿನ ಅಡಿಯಲ್ಲೇ ಇರುವುದರಿಂದ ಇನ್ನೂ ಜಾಗ್ರತೆ ಬೇಕು. ಟ್ಯಾಂಕಿಗೆ ತೂತಿದ್ದರೆ ಮನೆಯಲ್ಲಿ ವೆಲ್ಡ್ ಮಾಡಬೇಡಿ. ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುತ್ತದೆ, ಅದೇ ಸಿಡಿಯುವುದು.

ಪ್ರೈಮರ್, ಬಣ್ಣ

ಉಪ್ಪಿನ ಪರೀಕ್ಷೆ ಮುಗಿದು ಬರೀ ತಗಡನ್ನು ಕೊನೆಯ ಸಲ ಕೆರೆದ ದಿನವೇ ಪ್ರೈಮರ್ ಬೀಳಬೇಕು. ಹಾಗಾಗಿ ಒಂದು ದಿನಕ್ಕೆ ಎಷ್ಟು ಮುಗಿಯುತ್ತದೋ ಅಷ್ಟೇ ಕೆರೆಯಿರಿ. ನಮ್ಮ ಕಡೆ ಎಲ್ಲರೂ ಹೊಡೆಯುವ ರೆಡ್ ಆಕ್ಸೈಡ್ ಗೇಟಿಗೆ, ಕಿಟಕಿ ಸರಳಿಗೆ ಸರಿ. ಅದೊಂದೇ ಹಚ್ಚಿ ಬಿಟ್ಟರೆ ತೇವವನ್ನು ತಡೆಯುವುದಿಲ್ಲ. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ತಗೊಳ್ಳಿ. ಸ್ವಲ್ಪ ದುಬಾರಿ, ಆದರೆ ಇಡೀ ಕೆಲಸದಲ್ಲಿ ದುಡ್ಡು ಉಳಿಸಬಾರದ ಜಾಗ ಇದು. ಪುಟ್ಟಿ ಬೇಕಿದ್ದರೆ ಎಪಾಕ್ಸಿ ಮೇಲೆ, ಉಗುರಿನಷ್ಟು ತೆಳ್ಳಗೆ. ಬರೀ ತಗಡಿನ ಮೇಲೆ ಬೇಡ, ಪುಟ್ಟಿ ನೀರು ಹೀರುತ್ತದೆ.

ಹೊತ್ತು ನೋಡಿಕೊಳ್ಳಿ. ಬೆಳಿಗ್ಗೆ ತಗಡಿನ ಮೇಲೆ ಕಾಣದ ಇಬ್ಬನಿ ಕೂತಿರುತ್ತದೆ. ಗಾಳಿಯ ತೇವ 85 ಶೇಕಡಾಕ್ಕಿಂತ ಕಡಿಮೆ ಇರಬೇಕು, ತಗಡಿನ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ ಮೂರು ಡಿಗ್ರಿ ಮೇಲಿರಬೇಕು. ನಾನು ಅಗ್ಗದ ತೇವ ಅಳೆಯುವ ಮೀಟರ್ ಒಂದು ಗೋಡೆಗೆ ನೇತುಹಾಕಿದ್ದೆ. ಹತ್ತೂವರೆ ನಂತರ ಶುರು, ಮೂರು ಗಂಟೆಗೆ ಬಂದ್. ಸಂಜೆ ಕಡಲಿನ ಕಡೆಯಿಂದ ಗಾಳಿ ಬೀಸುವ ಹೊತ್ತಿಗೆ ಹಸಿ ಬಣ್ಣ ಹೊರಗೆ ಇರಬಾರದು.

ಚಾಸಿಗೆ ಬ್ರಷ್ ಸಾಕು. ಮೂಲೆಗೆ ಸ್ಪ್ರೇಗಿಂತ ಬ್ರಷ್ ಚೆನ್ನಾಗಿ ತಲುಪುತ್ತದೆ. ಬಾಡಿಗೆ ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆಯುವುದಾದರೆ ಪೇಂಟರ್ ಹತ್ತಿರ ಕೊಡಿ. ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಿಗೆ ಅಪಾಯ, ಸಾದಾ ಬಟ್ಟೆ ಮಾಸ್ಕ್ ಪ್ರಯೋಜನ ಇಲ್ಲ.

ಚಾಸಿಯ ಒಳಭಾಗ, ಯು ಪಟ್ಟಿಗಳ ಒಳಗೆ ಬಣ್ಣ ತಲುಪುವುದಿಲ್ಲ. ಅಲ್ಲಿಗೆ ಉದ್ದ ನಳಿಗೆಯಿಂದ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಹೊಡೆಯಿರಿ. ತಳಕ್ಕೆ ರಬ್ಬರಿನ ಕಪ್ಪು ಕೋಟಿಂಗ್ ಹೊಡೆಸಿ ಅಂತ ಎಲ್ಲರೂ ಹೇಳುತ್ತಾರೆ. ತುಕ್ಕಿನ ಮೇಲೆ ಅದನ್ನು ಹೊಡೆದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ. ಪೂರ್ತಿ ಶುದ್ಧವಾಗಿ ಎಪಾಕ್ಸಿ ಬಿದ್ದ ತಗಡಿಗೆ ಮಾತ್ರ ಹೊಡೆಸಿ. ಮಲ್ಪೆಯ ಬೋಟಿಗೆ ಕಟ್ಟುವ ಸತುವಿನ ತುಂಡನ್ನು ಗಾಡಿಗೂ ಹಾಕಬಹುದಾ ಎಂದು ಒಬ್ಬರು ಕೇಳಿದರು. ಅದು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಕೆಲಸ ಮಾಡುತ್ತದೆ, ರಸ್ತೆಯ ಮೇಲೆ ಓಡುವ ಗಾಡಿಗೆ ಪ್ರಯೋಜನ ಇಲ್ಲ.

ಓಡುವ ಮೊದಲು ನಿಲ್ಲಬೇಕು

ಎಂಜಿನ್ ಬಗ್ಗೆ ಎಲ್ಲರಿಗೂ ಆಸೆ, ಬ್ರೇಕ್ ಬಗ್ಗೆ ಇಲ್ಲ. ನಾನು ಬ್ರೇಕ್ ಮುಗಿಯದೆ ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಬಿದ್ದಿರುತ್ತದೆ. ಬೆರಳಿನ ಉಗುರು ಆಡಿಸಿದಾಗ ತಡೆದರೆ ಹೊಸದೇ ಹಾಕಿ. ರಬ್ಬರ್ ಕಪ್, ಹೋಸ್, ಕಬ್ಬಿಣದ ಪೈಪ್ ಎಲ್ಲವೂ ಹೊಸದು. ಇದರಲ್ಲಿ ರಾಜಿ ಬೇಡ.

ನಮ್ಮದು ಪೂಜೋ ಮೂಲದ 2112 ಸಿಸಿ ಡೀಸೆಲ್ ಎಂಜಿನ್. ನಿಂತ ಎಂಜಿನ್ನಿಗೆ ಸೀದಾ ಸೆಲ್ಫ್ ಹೊಡೆಯಬೇಡಿ. ಇಂಜೆಕ್ಟರ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ಎಂಜಿನ್ ಎಣ್ಣೆ ಬಿಟ್ಟು ಒಂದು ವಾರ ಬಿಡಿ. ಆಮೇಲೆ ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿ. ಸರಾಗವಾಗಿ ಎರಡು ಸುತ್ತು ಬಂದರೆ ಮಾತ್ರ ಮುಂದಿನ ಮಾತು. ಎಣ್ಣೆ, ಫಿಲ್ಟರ್, ಕೂಲಂಟ್, ಹೋಸ್ ಬದಲಿಸಿ. ಟ್ಯಾಂಕಿನ ಹಳೇ ಡೀಸೆಲ್ ಪೂರ್ತಿ ಚೆಲ್ಲಿಸಿ, ತಳದಲ್ಲಿ ನೀರು ಇದ್ದೇ ಇರುತ್ತದೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಆಕ್ಸಲ್, ಎಲ್ಲದರ ಎಣ್ಣೆ ಇಳಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ, ಸೀಲ್ ಬದಲಿಸಬೇಕು.

ಲೈಟು ಮಂಕು, ಹಾರ್ನ್ ಕುಂಟು, ಸೆಲ್ಫ್ ನಿಧಾನ ಅಂದರೆ ಹೊಸ ಬ್ಯಾಟರಿ ತರುವ ಮೊದಲು ಅರ್ತ್ ವಯರ್ ನೋಡಿ. ಬ್ಯಾಟರಿಯಿಂದ ಚಾಸಿಗೆ, ಎಂಜಿನ್ನಿನಿಂದ ಚಾಸಿಗೆ, ಬಾಡಿಯಿಂದ ಚಾಸಿಗೆ. ಹೊಸ ಬಣ್ಣ ಹೊಡೆದ ಗಾಡಿಯಲ್ಲಿ ಆ ಬೋಲ್ಟಿನ ಅಡಿಯ ಬಣ್ಣ ಕೆರೆದು, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ.

ಗಾಡಿ ಇಳಿದ ಮೇಲೆ

ಜೀಪು ಸಿಕ್ಕಿದ ಕೂಡಲೇ ಎಲ್ಲರಿಗೂ ಕಡಲ ಬದಿಯ ನೀರಿನಲ್ಲಿ ಓಡಿಸುವ ಆಸೆ. ಮಾಡಬೇಡಿ. ಒಂದು ಸಲ ಚಾಸಿಯೊಳಗೆ ಹೋದ ಉಪ್ಪು ನೀರು ಒಂದು ವರ್ಷದ ಕೆಲಸ ಹಾಳು ಮಾಡುತ್ತದೆ. ಅಪ್ಪಿ ತಪ್ಪಿ ಹೋದರೆ ಆ ದಿನವೇ ಸಿಹಿನೀರಿನಲ್ಲಿ ತಳ ತೊಳೆಯಿರಿ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಟಾರ್ಪಲ್ ಬಿಗಿಯಾಗಿ ಹೊದಿಸಬೇಡಿ, ಒಳಗೆ ಬೆವರುತ್ತದೆ. ಸೂರಿನ ಅಡಿ, ಗಾಳಿ ಆಡುವ ಹಾಗೆ ನಿಲ್ಲಿಸಿ. ಹುಲ್ಲಿನ ಮೇಲೆ ಬೇಡ. ವಾರಕ್ಕೊಮ್ಮೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ಸುಮ್ನೆ ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ.

ಇನ್ನು ಆ ಎಂಟು ಮಿಲಿಮೀಟರಿನ ತೂತುಗಳು. ಕೆಸರು ಕೂತು ಒಂದೇ ಮಳೆಗೆ ಮುಚ್ಚಿಹೋಗುತ್ತವೆ. ನಮ್ಮ ಶೆಡ್ಡಿನ ಕಂಬಕ್ಕೆ ಒಂದು ಹಿಡಿಸೂಡಿ (ಕಡ್ಡಿ ಪೊರಕೆ) ನೇತುಹಾಕಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಭಾನುವಾರ ಅದರಿಂದ ಒಂದು ಕಡ್ಡಿ ಎಳೆದು, ಗಾಡಿಯ ಅಡಿಗೆ ತೂರಿ, ಒಂದೊಂದೇ ತೂತಿಗೆ ಹಾಕಿ ಆಡಿಸುತ್ತೇನೆ. ಹನ್ನೆರಡು ತೂತು, ಐದು ನಿಮಿಷ. ಕಳೆದ ಜುಲೈಯಲ್ಲಿ ಹಿಂದಿನ ಎಡ ಮೂಲೆಯ ತೂತಿನಿಂದ ಅರ್ಧ ಲೋಟದಷ್ಟು ಕೆಂಪು ನೀರು ಇಳಿಯಿತು.